ಬೂದು ಬೂದಾಗಿಯೇ ಇರಲಿ: ಮನೆಯಲ್ಲಿ ಕಪ್ಪು-ಬಿಳುಪು ಫೋಟೋ ಪ್ರಿಂಟ್‌ಗೆ ಇಂಕು, ಸಾಫ್ಟ್‌ವೇರ್ ಆರಿಸುವುದು ಹೇಗೆ?

ಪುತ್ತೂರಿನ ಹತ್ತಿರ ಒಂದು ಯಕ್ಷಗಾನ ಚೌಕಿಯಲ್ಲಿ ತೆಗೆದ ಫೋಟೋ. ವೇಷಧಾರಿಯೊಬ್ಬರು ಕೈಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ. ಅದನ್ನು ಕಪ್ಪು-ಬಿಳುಪು ಮಾಡಿ, ಮನೆಯ ಆರು ಬಣ್ಣದ ಪ್ರಿಂಟರಿನಲ್ಲಿ ಎ4 ಅಳತೆಗೆ ತೆಗೆದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿಯೇ ಕಂಡಿತು. ಮರುದಿನ ಅವರ ಮನೆಗೆ ಕೊಂಡುಹೋಗಿ ಕೊಟ್ಟೆ. ಅವರು ಜಗಲಿಗೆ ಬಂದು, ಹಗಲು ಬೆಳಕಿಗೆ ಹಿಡಿದು ನೋಡಿದರು. "ಫೋಟೋ ಲಾಯ್ಕುಂಟು ಮಾರಾಯ್ರೆ. ಆದ್ರೆ ಈ ಹಸಿರು ನಾನು ಹಚ್ಚಿದ್ದಲ್ಲ ಅಲ್ವಾ?" ಅಂದರು.

ನೋಡಿದರೆ ಹೌದು, ಕೆನ್ನೆಯ ನೆರಳಿನಲ್ಲಿ ತೆಳ್ಳಗೆ ಹಸಿರು ಕೂತಿತ್ತು. ಪ್ರಿಂಟ್ ವಾಪಸ್ ತಂದೆ. ಅದನ್ನು ಸರಿ ಮಾಡಲು ಹೋಗಿ ಕಲಿತದ್ದು, ಕಾಗದ ಹಾಳು ಮಾಡಿ ಕಲಿತದ್ದು, ಇಲ್ಲಿದೆ.

ಬೂದು ಎಲ್ಲಿಂದ ಬರುತ್ತದೆ?

ಇಂಕು ಆರಿಸುವಾಗಲೂ, ಸಾಫ್ಟ್‌ವೇರ್ ಆರಿಸುವಾಗಲೂ ಕೇಳಬೇಕಾದದ್ದು ಈ ಒಂದೇ ಪ್ರಶ್ನೆ. ಬಹಳ ಪ್ರಿಂಟರುಗಳಲ್ಲಿ ಬೂದು ಬಣ್ಣದ ಇಂಕೇ ಇರುವುದಿಲ್ಲ. ಸಯಾನ್ (ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ ಮೂರನ್ನೂ ಬೆರೆಸಿ, ಜೊತೆಗೆ ಕಪ್ಪಿನ ಚುಕ್ಕೆ ಹಾಕಿ ಅವು ಬೂದು ಮಾಡುತ್ತವೆ. ಮೂರರಲ್ಲಿ ಒಂದು ಚೂರು ಹೆಚ್ಚಾದರೂ ಬೂದು ಯಾವುದೋ ಬಣ್ಣಕ್ಕೆ ವಾಲುತ್ತದೆ. ಬಣ್ಣದ ಫೋಟೋದಲ್ಲಿ ಅಷ್ಟು ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಮಾತ್ರ ಬಿಳಿ ಪಂಚೆಗೆ ಬಿದ್ದ ಸಾರಿನ ಹನಿಯ ಹಾಗೆ ಎದ್ದು ಕಾಣುತ್ತದೆ.

ಇನ್ನೊಂದು ಕಾಟವೂ ಇದೆ. ಹೀಗೆ ಬೆರೆಸಿದ ಬೂದು ಒಂದು ಬೆಳಕಿನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಡುತ್ತದೆ. ಟ್ಯೂಬ್‌ಲೈಟ್‌ನಲ್ಲಿ ಸರಿ, ಬಿಸಿಲಿನಲ್ಲಿ ಹಸಿರು, ಹಳದಿ ಬಲ್ಬಿನ ಕೆಳಗೆ ನಸುಗೆಂಪು. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಬಣ್ಣದ ಇಂಕು ಕಡಿಮೆ ಬಳಸಿ, ಕಪ್ಪು ಮತ್ತು ಬೂದು ಇಂಕಿನಿಂದಲೇ ಹೆಚ್ಚು ಕೆಲಸ ಮಾಡಿಸಿದಷ್ಟೂ ಈ ಕಾಟ ಕಡಿಮೆ.

ಹೆಜ್ಜೆ 1: ಮುಚ್ಚಳ ತೆಗೆದು ಇಂಕು ಎಣಿಸಿ

ಹೊಸದನ್ನು ಕೊಳ್ಳುವ ಮೊದಲು ಇರುವುದು ಏನು ಅಂತ ನೋಡಿ.

ನಾಲ್ಕೇ ಬಣ್ಣವಿದ್ದರೆ ಅದು ಮನೆ, ಆಫೀಸಿನ ಪ್ರಿಂಟರ್. ಇಂಥ ಕೆಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ (ಕಣ ತೇಲುವ ಇಂಕು), ಉಳಿದ ಮೂರು ಡೈ (ಕರಗಿದ ಬಣ್ಣ). ವಿವರ ಹೆಜ್ಜೆ 3ರಲ್ಲಿ. ಗ್ಲಾಸಿ ಕಾಗದ ಅಂತ ಆರಿಸಿದರೆ ಅವು ಆ ಕಪ್ಪನ್ನು ಮುಟ್ಟದೆ, ಮೂರು ಬಣ್ಣ ಬೆರೆಸಿಯೇ ಕಪ್ಪು ಮಾಡುವುದುಂಟು. ಕಂದು ಕಂದಾದ ಕಪ್ಪು ಬಂದರೆ ಕಾರಣ ಬಹುಶಃ ಇದೇ.

ನಮ್ಮಲ್ಲಿ ಸ್ಟುಡಿಯೋದವರೂ ಹವ್ಯಾಸಿಗಳೂ ಜಾಸ್ತಿ ಬಳಸುವ ಎಪ್ಸನ್ ಎಲ್805, ಎಲ್1800, ಎಲ್8050, ಎಲ್18050 ಇವುಗಳಲ್ಲಿ ಆರು ಇಂಕು. ಆದರೆ ಹೆಚ್ಚಿನ ಎರಡು ಲೈಟ್ ಸಯಾನ್ ಮತ್ತು ಲೈಟ್ ಮಜೆಂಟಾ. ಮದುವೆ ಫೋಟೋದ ಮೈಬಣ್ಣ ನುಣ್ಣಗೆ ಬರಲು ಅವು ಬೇಕು. ಬೂದು ಬೇರೆ ಬಣ್ಣಕ್ಕೆ ವಾಲದ ಹಾಗೆ ಮಾಡಲು ಅವುಗಳಿಂದ ಉಪಕಾರವಿಲ್ಲ. ಆರು ಬಣ್ಣ ಇದೆ ಅಂದಮಾತ್ರಕ್ಕೆ ಕಪ್ಪು-ಬಿಳುಪು ಚೆನ್ನಾಗಿ ಬರುತ್ತದೆ ಅಂತ ನಂಬಿ ನಾನು ಮೋಸ ಹೋದದ್ದು ಇಲ್ಲೇ.

ಎಪ್ಸನ್ ಎಲ್8160, ಎಲ್8180, ಕ್ಯಾನನ್ ಜಿ570, ಜಿ670 ಇವುಗಳಲ್ಲಿ ಆರರಲ್ಲಿ ಒಂದು ಬೂದು. ಇಂಕು ಟ್ಯಾಂಕಿನ ಅಗ್ಗವೂ ಬೇಕು, ಬೂದೂ ಸುಮಾರಾಗಿ ಸರಿ ಇರಬೇಕು ಅನ್ನುವವರಿಗೆ ಇವು ಒಳ್ಳೆಯ ಮಧ್ಯದ ದಾರಿ.

ಮೇಲಿನ ಮಟ್ಟದ ಎಪ್ಸನ್ ಪಿ700, ಪಿ900, ಕ್ಯಾನನ್ ಪ್ರೊ-1000 ಇವುಗಳಲ್ಲಿ ಫೋಟೋ ಬ್ಲ್ಯಾಕ್ (ಹೊಳೆಯುವ ಕಾಗದದ ಕಪ್ಪು), ಮ್ಯಾಟ್ ಬ್ಲ್ಯಾಕ್ (ಹೊಳಪಿಲ್ಲದ ಕಾಗದದ ಕಪ್ಪು) ಜೊತೆಗೆ ಎರಡು ಬೂದು. ಎಲ್ಲ ಪಿಗ್ಮೆಂಟ್. ಕ್ಯಾನನ್ ಪ್ರೊ-300ರಲ್ಲಿ ಬೂದು ಒಂದೇ. ಪ್ರೊ-200ರಲ್ಲಿ ಎರಡು ಬೂದು ಇವೆ, ಆದರೆ ಅದು ಡೈ.

ಹೆಜ್ಜೆ 2: ಮೊದಲು ಮೆಟ್ಟಿಲು ಪಟ್ಟಿ, ಆಮೇಲೆ ಫೋಟೋ

ಹಳೆಯ ಡಾರ್ಕ್ ರೂಂನವರು ಟೆಸ್ಟ್ ಸ್ಟ್ರಿಪ್ ತೆಗೆಯದೆ ಪೂರ್ತಿ ಕಾಗದ ಮುಟ್ಟುತ್ತಿರಲಿಲ್ಲ. ನಾವೂ ಹಾಗೇ ಮಾಡೋಣ. ಗಿಂಪ್ ಅಥವಾ ಫೋಟೋಶಾಪ್‌ನಲ್ಲಿ 21 ಚೌಕ ಬರೆಯಿರಿ. ಮೊದಲನೆಯದು ಬಿಳಿ, ಕೊನೆಯದು ಕಪ್ಪು, ನಡುವೆ ಒಂದೊಂದಕ್ಕೂ ಶೇಕಡಾ 5ರಷ್ಟು ಹೆಚ್ಚು ಕಪ್ಪು. ಕೆಳಗೆ ಬಿಳಿಯಿಂದ ಕಪ್ಪಿಗೆ ಇಳಿಯುವ ಒಂದು ನುಣುಪು ಪಟ್ಟಿ ಹಾಕಿ. ಅರ್ಧ ಎ4 ಸಾಕು.

ಪ್ರಿಂಟ್ ತೆಗೆದು ಒಂದು ರಾತ್ರಿ ಒಣಗಲು ಬಿಡಿ. ಆಮೇಲೆ ಮೂರು ಕಡೆ ನೋಡಿ: ಕಿಟಕಿ ಬೆಳಕಿನಲ್ಲಿ, ಮನೆಯ ಎಲ್‌ಇಡಿ ಕೆಳಗೆ, ಹಳದಿ ಬಲ್ಬಿನ ಕೆಳಗೆ. ಬಣ್ಣ ಬದಲಾಗುತ್ತಿದೆಯಾ? ಎಲ್ಲ ಚೌಕಕ್ಕೂ ಒಂದೇ ಛಾಯೆ ಇದೆಯಾ, ಅಥವಾ ತೆಳು ಬೂದು ನಸುಗೆಂಪು, ಗಾಢ ಬೂದು ಹಸಿರು ಅಂತ ಬೇರೆ ಬೇರೆ ಇದೆಯಾ? ಎಲ್ಲಕ್ಕೂ ಒಂದೇ ಛಾಯೆ ಇದ್ದರೆ ಸುಲಭವಾಗಿ ಸರಿ ಮಾಡಬಹುದು. ಮೆಟ್ಟಿಲು ಮೆಟ್ಟಿಲಿಗೂ ಬದಲಾಗುತ್ತಿದ್ದರೆ ಇಂಕು ಅಥವಾ ಪ್ರೊಫೈಲ್ (ಪ್ರಿಂಟರು, ಇಂಕು, ಕಾಗದಕ್ಕೆ ಹೊಂದುವ ಬಣ್ಣದ ಲೆಕ್ಕದ ಫೈಲು) ಬದಲಿಸದೆ ಗತಿಯಿಲ್ಲ.

ಇನ್ನೊಂದು ಉಪಾಯ. ಒಂದು ಭೂತಗನ್ನಡಿ ತಗೊಂಡು ಮಧ್ಯದ ಬೂದು ಚೌಕ ನೋಡಿ. ಫೋನಿನ ಮ್ಯಾಕ್ರೋ ಕ್ಯಾಮರಾ ಆದರೂ ಆಗುತ್ತದೆ. ಕೆಂಪು, ನೀಲಿ, ಹಳದಿ ಚುಕ್ಕೆಗಳು ಕಿಕ್ಕಿರಿದಿದ್ದರೆ ನಿಮ್ಮ ಬೂದು ಬೆರಕೆಯದ್ದು. ಡ್ರೈವರಿನಲ್ಲಿ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ಕಂಪನಿಯ ಸಾಫ್ಟ್‌ವೇರ್) 'ಗ್ರೇಸ್ಕೇಲ್' ಅಂತ ಟಿಕ್ ಮಾಡಿದರೂ ಫೋಟೋ ಕಾಗದಕ್ಕೆ ಬಣ್ಣದ ಇಂಕು ಬಳಸುವ ಪ್ರಿಂಟರುಗಳಿವೆ. ಅದು ಭೂತಗನ್ನಡಿಯಲ್ಲಿ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 3: ಇಂಕಿನ ತೀರ್ಮಾನ

ಡೈ ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಗ್ಲಾಸಿ ಕಾಗದದ ಮೇಲೆ ಮಿನುಗುತ್ತದೆ, ಕಪ್ಪೂ ಆಳವಾಗಿ ಬರುತ್ತದೆ. ಆದರೆ ಬೆಳಕು, ಗಾಳಿಗೆ ಬೇಗ ಮಾಸುತ್ತದೆ. ಮೂರು ಬಣ್ಣವೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಾಗಾಗಿ ಇವತ್ತು ಸರಿ ಇದ್ದ ಬೂದು ಎರಡು ವರ್ಷ ಗೋಡೆ ಮೇಲಿದ್ದು ಬೇರೆ ಬಣ್ಣಕ್ಕೆ ತಿರುಗಬಹುದು. ಪಿಗ್ಮೆಂಟ್ ಅಂದರೆ ದ್ರವದಲ್ಲಿ ತೇಲುವ ಬಣ್ಣದ ಕಣ. ಅದು ಕಾಗದದ ಮೇಲೆ ಕೂತು ಬಹಳ ಕಾಲ ಉಳಿಯುತ್ತದೆ.

ಕಪ್ಪು ಪಿಗ್ಮೆಂಟ್ ಬಹುಮಟ್ಟಿಗೆ ಇಂಗಾಲ. ಅಂದರೆ ಮಸಿ! ನಾವು ಇಂಕಿಗೆ ಮಸಿ ಅನ್ನುವುದು ಸುಮ್ನೆ ಅಲ್ಲ. ತಾಳೆಗರಿಯಲ್ಲಿ ಕಂಟದಿಂದ ಗೀರಿ, ಆ ಗೀರಿಗೆ ಮಸಿ ತಿಕ್ಕಿ ತುಂಬುತ್ತಿದ್ದರು. ಆ ಅಕ್ಷರ ನೂರಾರು ವರ್ಷವಾದರೂ ಓದಲು ಬರುತ್ತದೆ, ಏಕೆಂದರೆ ಇಂಗಾಲ ಬೆಳಕಿಗೆ ಮಾಸುವುದಿಲ್ಲ. ಇಂಕ್‌ಜೆಟ್‌ನಲ್ಲಿ ಕಪ್ಪು-ಬಿಳುಪಿಗೆ ಅಂತಲೇ ಮಾಡಿದ ಇಂಕುಗಳ ಗುಟ್ಟೂ ಅದೇ.

ಅಂಥ ಇಂಕುಗಳಲ್ಲಿ ಹೆಸರಾದದ್ದು ಪಿಯೆಜೋಗ್ರಫಿ. ಅಮೆರಿಕದ ವರ್ಮಾಂಟ್‌ನ ಜಾನ್ ಕೋನ್ ಮಾಡಿದ್ದು. ಬಣ್ಣದ ಇಂಕುಗಳನ್ನೆಲ್ಲ ತೆಗೆದು, ಆ ಜಾಗಕ್ಕೆ ಗಾಢ ಕಪ್ಪಿನಿಂದ ತೀರಾ ತೆಳು ಬೂದಿನವರೆಗೆ ಏಳು ಮಟ್ಟದ ಇಂಕು ತುಂಬುವುದು ಅದರ ಒಂದು ಬಗೆ. ಕಪ್ಪು ಚುಕ್ಕೆಯನ್ನು ದೂರ ದೂರ ಹಾಕಿ ತೆಳು ಬೂದು ತೋರಿಸುವ ಬದಲು, ತೆಳು ಇಂಕನ್ನೇ ಒತ್ತೊತ್ತಾಗಿ ಹಾಕುತ್ತದೆ. ಮೋಡ, ಮಂಜು, ಬಿಳಿ ಬಟ್ಟೆಯ ಮಡಿಕೆ ಇವೆಲ್ಲ ಚುಕ್ಕೆಯೇ ಕಾಣದಷ್ಟು ನುಣ್ಣಗೆ ಬರುತ್ತವೆ. ಪಾಲ್ ರೋರ್ಕ್ ಅನ್ನುವ ಇನ್ನೊಬ್ಬ ಅಮೆರಿಕನ್ ಫೋಟೋಗ್ರಾಫರ್, ಇಂಗಾಲದ ಮ್ಯಾಟ್ ಕಪ್ಪು ಇಂಕನ್ನು ಮನೆಯಲ್ಲೇ ತೆಳು ಮಾಡಿ ಬೂದು ಇಂಕು ತಯಾರಿಸುವ ಪಾಕವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.

ಕೇಳಲು ಚಂದ. ಆದರೆ ಕೈ ಹಾಕುವ ಮೊದಲು ನಾಲ್ಕು ಮಾತು.

ಬರೀ ಇಂಗಾಲ ತೆಳುವಾದಾಗ ತಣ್ಣನೆ ಬೂದಾಗಿ ಕಾಣುವುದಿಲ್ಲ, ಸ್ವಲ್ಪ ಕಂದು ಕಡೆಗೆ ವಾಲುತ್ತದೆ. ಹಳೆಯ ಮನೆ, ಮುದುಕರ ಮುಖ, ಕಲ್ಲಿನ ಗುಡಿಗೆ ಅದು ಒಪ್ಪುತ್ತದೆ. ನಿಜವಾದ ತಟಸ್ಥ ಬೂದು ಬೇಕಾದರೆ ನೀಲಿ ಪಿಗ್ಮೆಂಟ್ ಸ್ವಲ್ಪ ಸೇರಿಸಲೇಬೇಕು. ಅದು ಇಂಗಾಲದಷ್ಟು ಗಟ್ಟಿಯಲ್ಲ.

ಒಮ್ಮೆ ಬೂದು ಇಂಕು ತುಂಬಿದ ಪ್ರಿಂಟರು ಮತ್ತೆ ಬಣ್ಣದ ಕೆಲಸಕ್ಕೆ ಬಾರದು ಅಂತಲೇ ತಿಳಿಯಿರಿ. ಅದಕ್ಕೆ ಪ್ರತ್ಯೇಕ ಪ್ರಿಂಟರ್ ಬೇಕು. ವಾರಂಟಿಯ ಮಾತು ಮರೆತುಬಿಡಿ.

ಹೊಸ ಮಾದರಿಗಳಲ್ಲಿ ಕಾರ್ಟ್ರಿಡ್ಜ್‌ನ ಚಿಪ್ ಬೇರೆಯವರ ಇಂಕನ್ನು ಒಪ್ಪದೆ ಹಟ ಹಿಡಿಯಬಹುದು. ನಿಮ್ಮದೇ ಮಾದರಿಗೆ ಆ ಇಂಕು ಸಿಗುತ್ತದೆಯಾ ಅಂತ ಮಾರುವವರ ಹತ್ತಿರ ಕೇಳಿಕೊಂಡೇ ದುಡ್ಡು ಕೊಡಿ.

ಇನ್ನು ಅಂಗಡಿಯಲ್ಲಿ ಬಾಟಲಿ ಲೆಕ್ಕದಲ್ಲಿ ಸಿಗುವ ಅಗ್ಗದ ಇಂಕು. ನಾನೂ ಒಮ್ಮೆ ಆಸೆಗೆ ಬಿದ್ದು ತುಂಬಿಸಿದ್ದೆ. ಹೆಸರು ಬೇಡ. ಒಂದು ಬಾಟಲಿಗೂ ಇನ್ನೊಂದಕ್ಕೂ ಬಣ್ಣವೇ ಬೇರೆ. ಬಣ್ಣದ ಪ್ರಿಂಟ್‌ಗೆ ಹೇಗೋ ನಡೆದೀತು. ಕಪ್ಪು-ಬಿಳುಪಿಗೆ ನೀವು ಕೂತು ಮಾಡಿದ ಲೆಕ್ಕವೆಲ್ಲ ಪ್ರತಿ ಬಾಟಲಿಗೂ ನೀರಿನಲ್ಲಿ ಹೋಮ.

ಹಾಗಾದರೆ ನನ್ನ ಸಲಹೆ ಏನು? ತಿಂಗಳಿಗೆ ನಾಲ್ಕೈದು ಪ್ರಿಂಟ್ ತೆಗೆಯುವವರಾದರೆ ಬೂದು ಇಂಕು ಇರುವ ಪ್ರಿಂಟರ್ ಮತ್ತು ಕಂಪನಿಯದೇ ಇಂಕು. ವಾರ ವಾರ ಕಪ್ಪು-ಬಿಳುಪನ್ನೇ ತೆಗೆಯುವವರು, ಪ್ರದರ್ಶನ ಇಡುವವರು, ಹಳೆಯ ಎಪ್ಸನ್ ಒಂದು ಕೈಯಲ್ಲಿ ಇರುವವರು ಮಾತ್ರ ಇಂಗಾಲದ ಇಂಕಿನ ಹಿಂದೆ ಹೋಗಿ. ಎಲ್805 ಥರದ್ದೇ ಇದ್ದರೆ ಅದನ್ನು ಮಾರಬೇಕಿಲ್ಲ. ಮುಂದಿನ ಹೆಜ್ಜೆ ನೋಡಿ.

ಹೆಜ್ಜೆ 4: ಸಾಫ್ಟ್‌ವೇರ್, ಮೊದಲು ಪುಕ್ಕಟೆಯದ್ದು

ಜನ ದುಡ್ಡು ಕೊಟ್ಟು ತಗೊಳ್ಳುವ ಸಾಫ್ಟ್‌ವೇರಿನ ಕೆಲಸವನ್ನು ಎಷ್ಟೋ ಸಲ ಪ್ರಿಂಟರಿನ ಡ್ರೈವರೇ ಮಾಡಿಬಿಡುತ್ತದೆ.

ಎಪ್ಸನ್ 2005ರಲ್ಲಿ ಮೂರು ಮಟ್ಟದ ಕಪ್ಪಿರುವ ಕೆ3 ಇಂಕುಗಳನ್ನು ತಂದಿತು. ಆಗಲೇ ಡ್ರೈವರಿನಲ್ಲಿ 'ಅಡ್ವಾನ್ಸ್ಡ್ ಬ್ಲ್ಯಾಕ್ ಆಂಡ್ ವೈಟ್' ಅನ್ನುವ ವಿಧಾನವೂ ಬಂತು. ಬಳಸುವವರು ಎಬಿಡಬ್ಲ್ಯೂ ಅನ್ನುತ್ತಾರೆ. ಅದು ಹೆಚ್ಚಿನ ಕೆಲಸವನ್ನು ಕಪ್ಪು, ಬೂದು ಇಂಕಿನಿಂದಲೇ ಮಾಡಿಸಿ, ಬಣ್ಣದ ಇಂಕನ್ನು ಛಾಯೆ ತಿದ್ದಲು ಮಾತ್ರ ಚಿಟಿಕೆಯಷ್ಟು ಬಳಸುತ್ತದೆ. ನ್ಯೂಟ್ರಲ್, ಕೂಲ್, ವಾರ್ಮ್, ಸೆಪಿಯಾ ಅಂತ ಆಯ್ಕೆಗಳಿವೆ. ಸೆಪಿಯಾ ಬಿಟ್ಟುಬಿಡಿ, ಲಗ್ನಪತ್ರಿಕೆ ಥರ ಕಾಣುತ್ತದೆ. ಟೋನ್ ಅನ್ನುವಲ್ಲಿ ತಾನಾಗಿ 'ಡಾರ್ಕರ್' ಇದ್ದರೆ 'ಡಾರ್ಕ್' ಅಥವಾ 'ನಾರ್ಮಲ್' ಕೂಡ ಹಾಕಿ ನೋಡಿ. ನೆರಳುಗಳು ಮುಚ್ಚಿಹೋಗುವುದು ಬಹಳ ಸಲ ಇದರಿಂದಲೇ.

ಕ್ಯಾನನ್‌ನವರ 'ಪ್ರೊಫೆಷನಲ್ ಪ್ರಿಂಟ್ ಆಂಡ್ ಲೇಔಟ್' ಕೂಡ ಪುಕ್ಕಟೆ. ಅದರಲ್ಲೂ ಕಪ್ಪು-ಬಿಳುಪು ವಿಧಾನ ಇದೆ. ಒಂದೇ ಹಾಳೆಯಲ್ಲಿ ಛಾಯೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಚಿಕ್ಕ ಚಿಕ್ಕ ಮಾದರಿ ತೆಗೆಯುವ 'ಪ್ಯಾಟರ್ನ್ ಪ್ರಿಂಟ್' ಸೌಕರ್ಯ ನನಗೆ ಬಹಳ ಹಿಡಿಸಿತು. ಬಟ್ಟೆ ಅಂಗಡಿಯಲ್ಲಿ ತುಂಡು ಹರಡಿಕೊಂಡು ನೋಡಿದ ಹಾಗೆ, ಎದುರಿಗೇ ಇಟ್ಟುಕೊಂಡು ಆರಿಸಬಹುದು.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಬಣ್ಣದ ಲೆಕ್ಕವನ್ನು ಒಬ್ಬರೇ ನೋಡಿಕೊಳ್ಳಬೇಕು, ಇಬ್ಬರಲ್ಲ. ಎಬಿಡಬ್ಲ್ಯೂ ಬಳಸುವಾಗ ಫೋಟೋಶಾಪ್‌ನಲ್ಲಿ 'ಪ್ರಿಂಟರ್ ಮ್ಯಾನೇಜಸ್ ಕಲರ್ಸ್' ಆರಿಸಿ. ಚಿತ್ರವನ್ನು 'ಗ್ರೇ ಗಾಮಾ 2.2' ಅನ್ನುವ ಬೂದು ಪ್ರೊಫೈಲಿನಲ್ಲಿ ಕೊಡಿ. ಐಸಿಸಿ ಪ್ರೊಫೈಲ್ ಹಾಕಿ ತೆಗೆಯುವುದಾದರೆ 'ಫೋಟೋಶಾಪ್ ಮ್ಯಾನೇಜಸ್ ಕಲರ್ಸ್' ಆರಿಸಿ, ಡ್ರೈವರಿನಲ್ಲಿ ಬಣ್ಣದ ತಿದ್ದುಪಡಿ ಪೂರ್ತಿ ಆಫ್ ಮಾಡಿ. ಎರಡೂ ಕಡೆ ಆನ್ ಇದ್ದರೆ, ಇಬ್ಬರು ಅತ್ತೆಯರು ಒಂದೇ ಸಾರಿಗೆ ಉಪ್ಪು ಹಾಕಿದ ಹಾಗೆ ಆಗುತ್ತದೆ.

ಬೂದು ಇಂಕಿಲ್ಲದ ಆರು ಬಣ್ಣದ ಪ್ರಿಂಟರಿಗೆ ಎರಡು ದಾರಿ. ಒಂದು, ನಿಮ್ಮ ಪ್ರಿಂಟರ್, ನಿಮ್ಮ ಇಂಕು, ನಿಮ್ಮ ಕಾಗದಕ್ಕೆ ಅಂತಲೇ ಐಸಿಸಿ ಪ್ರೊಫೈಲ್ ಮಾಡಿಸುವುದು. ಮಾಡಿಕೊಡುವವರು ಒಂದು ಬಣ್ಣದ ಚಾರ್ಟ್ ಕಳಿಸುತ್ತಾರೆ. ಪ್ರಿಂಟ್ ತೆಗೆದು ಕೊಟ್ಟರೆ ಸ್ಪೆಕ್ಟ್ರೊಫೋಟೊಮೀಟರ್ ಅನ್ನುವ ಬಣ್ಣ ಅಳೆಯುವ ಉಪಕರಣದಲ್ಲಿ ಅಳೆದು ಪ್ರೊಫೈಲ್ ಕೊಡುತ್ತಾರೆ. ಎರಡನೆಯದು, ಬೂದನ್ನು ತಟಸ್ಥ ಮಾಡುವ ಹಟವನ್ನೇ ಬಿಟ್ಟು, ಬೇಕೆಂದೇ ಇಡೀ ಚಿತ್ರಕ್ಕೆ ಒಂದು ಚೂರು ಬೆಚ್ಚನೆಯ ಛಾಯೆ ಕೊಡುವುದು. ಕಣ್ಣು ಅದನ್ನು ಫೋಟೋದ ಗುಣ ಅಂತ ಒಪ್ಪಿಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಹಸಿರು ಇಣುಕಿದರೂ ಅಷ್ಟಾಗಿ ಚುಚ್ಚುವುದಿಲ್ಲ. ಕಳ್ಳದಾರಿ ಅನ್ನಬಹುದು. ನಾನು ಎಷ್ಟೋ ದಿನ ಇದರಲ್ಲೇ ಕಾಲ ಕಳೆದೆ.

ನಾಲ್ಕು ಬಣ್ಣದವರು ಮ್ಯಾಟ್ ಕಾಗದಕ್ಕೆ ಬರೀ ಕಪ್ಪು ಇಂಕಿನಲ್ಲಿ ತೆಗೆದು ನೋಡಿ. ಚುಕ್ಕೆ ಚುಕ್ಕೆ ಕಾಣುತ್ತದೆ, ನಿಜ. ಆದರೆ ಹಳೆಯ ಫಿಲ್ಮಿನ ಕಾಳಿನ ಹಾಗೆ ಅದಕ್ಕೂ ಒಂದು ಚೆಂದ ಇದೆ, ಬಣ್ಣದ ಕಾಟವಂತೂ ಸೊನ್ನೆ.

ರಿಪ್ ಯಾವಾಗ ಬೇಕು?

ರಿಪ್ ಅಂದರೆ ಕಂಪನಿಯ ಡ್ರೈವರನ್ನು ಬದಿಗಿಟ್ಟು, ಯಾವ ನಾಜಲ್ (ಇಂಕು ಚಿಮ್ಮುವ ಸಣ್ಣ ತೂತು) ಎಷ್ಟು ಇಂಕು ಹಾಕಬೇಕು ಅಂತ ತಾನೇ ಹೇಳುವ ಸಾಫ್ಟ್‌ವೇರ್. ಸಯಾನ್ ಜಾಗಕ್ಕೆ ನೀವು ಬೂದು ಇಂಕು ತುಂಬಿದ್ದರೆ ಡ್ರೈವರಿಗೆ ಅದು ಗೊತ್ತಿಲ್ಲ. ಅದು ಇನ್ನೂ ಸಯಾನ್ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಹಾಗಾಗಿ ಇಂಗಾಲದ ಬೂದು ಇಂಕುಗಳಿಗೆ ಸಾಮಾನ್ಯವಾಗಿ ರಿಪ್ ಬೇಕಾಗುತ್ತದೆ.

ಇದರಲ್ಲಿ ಬಡವರ ಬಂಧು ಕ್ವಾಡ್‌ಟೋನ್ ರಿಪ್. ರಾಯ್ ಹ್ಯಾರಿಂಗ್ಟನ್ ಬರೆದದ್ದು, ಎಪ್ಸನ್ ಪ್ರಿಂಟರುಗಳಿಗೆ. ಬಹಳ ವರ್ಷಗಳಿಂದ 50 ಡಾಲರಿನ ಶೇರ್‌ವೇರ್. ಮೊದಲು ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕೊಡಿ ಅನ್ನುವ ಬಗೆ. ಕಂಪನಿಯ ಇಂಕಿನ ಜೊತೆಗೂ ನಡೆಯುತ್ತದೆ. ಬೆಚ್ಚನೆಯ ಕರ್ವ್ (ಯಾವ ಬೂದಿಗೆ ಯಾವ ಇಂಕು ಎಷ್ಟು ಅನ್ನುವ ಲೆಕ್ಕ) ಒಂದು, ತಣ್ಣನೆಯದು ಒಂದು ಇಟ್ಟುಕೊಂಡು, ಎರಡನ್ನೂ ಬೇಕಾದಷ್ಟು ಬೆರೆಸಬಹುದು. ನೆರಳು ಬೆಚ್ಚಗೆ, ಬೆಳಕು ತಣ್ಣಗೆ ಅಂತಲೂ ಮಾಡಬಹುದು. ನೋಡಲು ಮಾತ್ರ ಹಳೇ ಕಾಲದ ಸಾಫ್ಟ್‌ವೇರಿನ ಹಾಗಿದೆ. ನಿಮ್ಮ ಪ್ರಿಂಟರ್ ಅದರ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ಉಳಿದದ್ದು. ಇಮೇಜ್‌ಪ್ರಿಂಟ್‌ನಂಥ ದೊಡ್ಡ ರಿಪ್‌ಗಳು ಸಿದ್ಧ ಪ್ರೊಫೈಲುಗಳ ರಾಶಿಯನ್ನೇ ಕೊಡುತ್ತವೆ. ದುಡ್ಡೂ ಹಾಗೇ ಕೇಳುತ್ತವೆ. ಪ್ರಿಂಟ್ ಮಾರಿ ಬದುಕುವವರಿಗೆ ಸರಿ.

ಹೆಜ್ಜೆ 5: ಮೆಟ್ಟಿಲು ಸಮ ಮಾಡುವುದು

ಇಂಕು, ಸಾಫ್ಟ್‌ವೇರ್ ಯಾವುದೇ ಇರಲಿ, ಈ ಹೆಜ್ಜೆ ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ. 21 ಚೌಕದ ಪಟ್ಟಿಯನ್ನು ಆರಿಸಿದ ಕಾಗದದ ಮೇಲೆ ಮತ್ತೆ ತೆಗೆಯಿರಿ. ಕೊನೆಯ ಮೂರು ಚೌಕ, ಅಂದರೆ 90, 95, 100 ಬೇರೆ ಬೇರೆಯಾಗಿ ಕಾಣಬೇಕು. ಒಂದೇ ಕಪ್ಪು ಮುದ್ದೆಯಾಗಿದ್ದರೆ ನಿಮ್ಮ ಫೋಟೋದ ಕೂದಲು, ಕರಿ ಕೋಟು, ರಾತ್ರಿಯ ಮರ ಎಲ್ಲ ಮುದ್ದೆಯೇ. ಆ ಕಡೆಯ ಶೇಕಡಾ 5 ಕಾಗದದ ಬಿಳಿಯಿಂದ ಬೇರೆಯಾಗಿ ಕಾಣಬೇಕು.

ಅಳೆಯುವ ಉಪಕರಣ ಇದ್ದವರು 21 ಚೌಕವನ್ನೂ ಅಳೆದು ಆ ಅಂಕಿಗಳನ್ನು ಕ್ವಾಡ್‌ಟೋನ್ ರಿಪ್‌ಗೆ ಕೊಟ್ಟರೆ ಅದೇ ಸಮ ಮಾಡಿಕೊಳ್ಳುತ್ತದೆ. ಇಲ್ಲದವರು ಕಣ್ಣಿನಿಂದಲೇ ಮಾಡಬಹುದು. ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಪಟ್ಟಿಯ ಮೇಲೆ ಒಂದು ಕರ್ವ್ (ಇಲ್ಲಿ, ಚಿತ್ರದ ಕಪ್ಪು-ಬಿಳುಪಿನ ಮಟ್ಟ ತಿದ್ದುವ ಗೆರೆ) ಹಾಕಿ. ನೆರಳಿನ ಕಡೆ ಸ್ವಲ್ಪ ಎತ್ತಿ, ಮತ್ತೆ ತೆಗೆಯಿರಿ, ಒಣಗಿಸಿ, ನೋಡಿ. ಎರಡು ಮೂರು ಸುತ್ತಿಗೆ ಹದಕ್ಕೆ ಬರುತ್ತದೆ. ಆ ಕರ್ವನ್ನು ಕಾಗದದ ಹೆಸರಿನಲ್ಲೇ ಉಳಿಸಿಟ್ಟು, ಪ್ರತಿ ಫೋಟೋಗೂ ಪ್ರಿಂಟ್ ಕೊಡುವ ಮುಂಚೆ ಕೊನೆಯದಾಗಿ ಹಾಕಿ. ನಾನು ಇದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ: ಕಾಗದ, ಡ್ರೈವರಿನಲ್ಲಿ ಆರಿಸಿದ ಕಾಗದದ ಬಗೆ, ಟೋನ್, ತಾರೀಖು. ನೆನಪಿನ ಮೇಲೆ ಭರವಸೆ ಇಟ್ಟು ಒಂದು ಪ್ಯಾಕೆಟ್ ಕಾಗದ ಕಳೆದುಕೊಂಡ ಮೇಲೆ ಬಂದ ಬುದ್ಧಿ ಅದು.

ಪಟ್ಟಿ ಸರಿ ಬಂದರೂ ಫೋಟೋ ಕಪ್ಪಗೆ ಬರುತ್ತಿದ್ದರೆ ತಪ್ಪು ಪ್ರಿಂಟರಿನದ್ದಲ್ಲ, ನಿಮ್ಮ ಪರದೆಯದ್ದು. ಪರದೆ ಜಾಸ್ತಿ ಬೆಳಗುತ್ತಿದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಅದಕ್ಕೆ ಸಮನಾಗುವ ತನಕ ಬೆಳಕು ಇಳಿಸಿ.

ಕಾಗದ

ಚುಟುಕಾಗಿ ಹೇಳುತ್ತೇನೆ. ಗ್ಲಾಸಿ, ಬರೈಟಾ (ಹಳೆಯ ಡಾರ್ಕ್ ರೂಂ ಕಾಗದದ ಥರದ ಹೊಳಪಿನದ್ದು) ಕಾಗದಕ್ಕೆ ಫೋಟೋ ಬ್ಲ್ಯಾಕ್. ಹತ್ತಿಯ ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ಅದಲುಬದಲಾದರೆ, ಗ್ಲಾಸಿ ಮೇಲೆ ಮ್ಯಾಟ್ ಬ್ಲ್ಯಾಕ್ ಬೆರಳಿಗೇ ಅಂಟಿಕೊಂಡು ಬರುತ್ತದೆ. ಹಾನೆಮ್ಯೂಲ ಫೋಟೋ ರ‍್ಯಾಗ್‌ನಂಥ ಮ್ಯಾಟ್ ಕಾಗದದಲ್ಲಿ ಕಪ್ಪು ಬರೈಟಾದಷ್ಟು ಆಳಕ್ಕೆ ಇಳಿಯುವುದಿಲ್ಲ. ಆದರೆ ಯಾವ ಕೋನದಿಂದ ನೋಡಿದರೂ ಹೊಳಪು ಹೊಡೆಯುವುದಿಲ್ಲ. ಮೊದಲ ಆರು ತಿಂಗಳು ಒಂದೇ ಕಾಗದಕ್ಕೆ ಅಂಟಿಕೊಳ್ಳಿ. ಹತ್ತು ಬಗೆಯ ಮಾದರಿ ಪ್ಯಾಕ್ ತಂದುಕೊಂಡರೆ ಹತ್ತಕ್ಕೂ ಕರ್ವ್ ಮಾಡುತ್ತಾ ಕೂರಬೇಕು.

ಪ್ರಿಂಟರ್ ಕೆಡದ ಹಾಗೆ

ಕಪ್ಪು-ಬಿಳುಪೇ ತೆಗೆಯುವವರ ಪ್ರಿಂಟರಿನಲ್ಲಿ ಬಣ್ಣದ ನಾಜಲ್‌ಗಳು ಕೆಲಸವಿಲ್ಲದೆ ಕೂತು ಕಟ್ಟಿಕೊಳ್ಳುತ್ತವೆ. ವಾರಕ್ಕೊಂದು ಬಣ್ಣದ ಪುಟ ಓಡಿಸಿ. ವಿಜಯಪುರ, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ತಪ್ಪಿಸಲೇಬೇಡಿ. ಒಳ್ಳೆಯ ಕಾಗದ ಹಾಕುವ ಮುಂಚೆ ನಾಜಲ್ ಚೆಕ್ ಮಾಡಿ. ಒಂದು ಗೆರೆ ತಪ್ಪಿದ್ದರೂ ಬೂದು ಆಕಾಶದಲ್ಲಿ ಪಟ್ಟೆ ಕಾಣುತ್ತದೆ. ಪಿಗ್ಮೆಂಟಿನ ಕಣ ತಳಕ್ಕೆ ಇಳಿದು ಕೂರುತ್ತದೆ, ಹಾಗಾಗಿ ಹೊಸ ಕಾರ್ಟ್ರಿಡ್ಜ್ ಹಾಕುವ ಮುಂಚೆ ಮೆಲ್ಲಗೆ ಅಲುಗಾಡಿಸಿ.

ಪ್ರಿಂಟರನ್ನು ಅದರ ಗುಂಡಿಯಿಂದಲೇ ಆಫ್ ಮಾಡಿ. ನಮ್ಮ ಮನೆಗಳಲ್ಲಿ ಗೋಡೆಯ ಸ್ವಿಚ್ ಒತ್ತಿಬಿಡುವ ಅಭ್ಯಾಸ. ಹಾಗೆ ಮಾಡಿದರೆ ಇಂಕು ಚಿಮ್ಮಿಸುವ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳದೆ ಅರ್ಧದಲ್ಲೇ ನಿಂತು ಒಣಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಮಾತು: ತೆರೆದ ಪ್ಯಾಕೆಟ್ ಕಾಗದ ತೇವ ಎಳೆದು ಮುದುರುತ್ತದೆ, ಹೆಡ್‌ಗೆ ಉಜ್ಜಿ ಅಂಚಿಗೆ ಮಸಿ ಬಳಿಯುತ್ತದೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಸಿಲಿಕಾ ಜೆಲ್ ಜೊತೆ ಅದೇ ಚೀಲದಲ್ಲಿ ಮುಚ್ಚಿಡಿ. ತೆಗೆದ ಪ್ರಿಂಟನ್ನು ಒಂದು ದಿನವಾದರೂ ಒಣಗಿಸಿಯೇ ಗಾಜಿನ ಚೌಕಟ್ಟಿಗೆ ಹಾಕಿ. ಆಷಾಢದಲ್ಲಿ ಎರಡು ದಿನ.

ಚೌಕಿಯ ಫೋಟೋವನ್ನು ಮತ್ತೆ ತೆಗೆದದ್ದು ಬೂದು ಇಂಕಿರುವ ಪ್ರಿಂಟರಿನಲ್ಲಿ, ಮ್ಯಾಟ್ ಕಾಗದಕ್ಕೆ, ನಾಲ್ಕನೇ ಕರ್ವ್ ಹಾಕಿ. ಈ ಸಲ ನಾನೇ ಅದನ್ನು ಜಗಲಿಗೆ ಒಯ್ದು ಕೊಟ್ಟೆ. ಅವರು ಆಚೆ ಈಚೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಹಸಿರಿನ ಮಾತೇ ಬರಲಿಲ್ಲ. "ಕಿವಿಯ ಹತ್ರ ಬಣ್ಣ ಹಚ್ಚಿದ್ದು ಸಮ ಆಗ್ಲಿಲ್ಲ ನೋಡಿ ಇಲ್ಲಿ," ಅಂದರು. "ಅವತ್ತು ಗಡಿಬಿಡಿ ಇತ್ತು."